ಕಣ್ಣು ಬಡಿದರೆ ತಪ್ಪಲ್ಲ, ಹೆಗಲು ಹಾರಿದರೆ ದೆವ್ವವಲ್ಲ



ಲಿಂಗಸುಗೂರಿನಿಂದ ಹೊರಟ ಬಸ್ಸು ಮಸ್ಕಿ ದಾಟಿ ಸಿಂಧನೂರಿಗೆ ಬರುತ್ತದೆ. ಬಸ್ಸಿನ ತುಂಬ ಜನ. ಕೂಲಿಗೆ ಹೋಗುವವರು ಇದ್ದಾರೆ. ಸಂತೆಗೆ ಹೋಗುವವರು ಇದ್ದಾರೆ. ಆಸ್ಪತ್ರೆಗೆ ಹೋಗುವವರೂ ಇದ್ದಾರೆ.

ಅವರ ನಡುವೆ ಒಬ್ಬ ಹೆಣ್ಣುಮಗಳು ಕೂತಿದ್ದಾಳೆ ಎಂದುಕೊಳ್ಳೋಣ. ಅವಳಿಗೆ ಮೂವತ್ತು ವರ್ಷ. ಅವಳ ಕಣ್ಣು ಪಟಪಟ ಬಡಿಯುತ್ತದೆ. ಒಂದು ಹೆಗಲು ಮೇಲಕ್ಕೆ ಹಾರುತ್ತದೆ. ಆಗಾಗ ಗಂಟಲಿನಿಂದ 'ಹೂಂ, ಹೂಂ' ಎಂದು ಸದ್ದು ಬರುತ್ತದೆ.

ಎದುರಿಗೆ ಕೂತ ಗಂಡಸು ನಗುತ್ತಾನೆ. "ನೋಡ್ರಲೇ, ನನ್ನ ನೋಡಿ ಕಣ್ಣು ಹೊಡಿತಾಳ" ಅನ್ನುತ್ತಾನೆ.

ಹಿಂದೆ ಕೂತ ಅಜ್ಜಿ ಅನ್ನುತ್ತಾಳೆ, "ಗಾಳಿ ಸೋಕೈತಿ ಯವ್ವಾ. ಬಿಡಿಸೋರ ಹತ್ರ ಕರ್ಕೊಂಡು ಹೋಗ್ರಿ."

ಜೊತೆಗಿದ್ದ ಅತ್ತೆ ಬೈಯುತ್ತಾಳೆ, "ಸುಮ್ನ ಕುಂದ್ರು. ಬೇಕಂತ ಮಾಡ್ತಿ. ನಮ್ಮ ಮಾನ ತಗೀತಿ."

ಮೂವರೂ ತಪ್ಪು ತಿಳಿದಿದ್ದಾರೆ. ಅವಳು ಯಾರಿಗೂ ಕಣ್ಣು ಹೊಡೆಯುತ್ತಿಲ್ಲ. ಅವಳಿಗೆ ಗಾಳಿ ಸೋಕಿಲ್ಲ. ಅವಳು ಬೇಕೆಂದು ಮಾಡುತ್ತಿಲ್ಲ. ಹಾಗಾದರೆ ಇದೇನು? ಇದಕ್ಕೆ ಔಷಧ ಉಂಟೇ? ನಾವು ಏನು ಮಾಡಬಹುದು? ಈ ಪಾಠದಲ್ಲಿ ತಿಳಿಯೋಣ.

ಇದಕ್ಕೆ ಒಂದು ಹೆಸರಿದೆ

ಇದಕ್ಕೆ ವೈದ್ಯರು 'ಟಿಕ್' ಎನ್ನುತ್ತಾರೆ. ಟಿಕ್ ಎಂದರೆ ಥಟ್ಟನೆ ಬರುವ ಚಲನೆ ಅಥವಾ ಸದ್ದು. ಅದು ಮತ್ತೆ ಮತ್ತೆ ಬರುತ್ತದೆ.

ಕಣ್ಣು ಬಡಿಯುವುದು, ಮೂಗು ಸೊಟ್ಟ ಮಾಡುವುದು, ಕುತ್ತಿಗೆ ಜಗ್ಗುವುದು, ಹೆಗಲು ಹಾರಿಸುವುದು ಮೈಯ ಟಿಕ್‌ಗಳು. ಗಂಟಲು ಕೆರೆಯುವುದು, ಮೂಗಿನಿಂದ ಸೊರ್ ಎನ್ನುವುದು, ಸಣ್ಣ ಕೂಗು ಹಾಕುವುದು ಸದ್ದಿನ ಟಿಕ್‌ಗಳು. ಮೈಯ ಟಿಕ್‌ಗಳೂ ಸದ್ದಿನ ಟಿಕ್ಕೂ ಇದ್ದು, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು 'ಟುರೆಟ್' ಎನ್ನುತ್ತಾರೆ. ಅದು ಚಿಕ್ಕಂದಿನಲ್ಲೇ ಶುರುವಾಗಿರುತ್ತದೆ.

ಟುರೆಟ್ ಒಬ್ಬ ವೈದ್ಯರ ಹೆಸರು. ಅವರು ಫ್ರಾನ್ಸ್ ದೇಶದವರು. 1885ರಲ್ಲಿ ಅವರು ಇಂಥ 9 ಜನ ರೋಗಿಗಳ ಬಗ್ಗೆ ಬರೆದರು. ಅದಕ್ಕೂ ಮೊದಲೇ, 1825ರಲ್ಲಿ, ಇಟಾರ್ ಎಂಬ ವೈದ್ಯರು ಒಬ್ಬ ಹೆಣ್ಣುಮಗಳ ಬಗ್ಗೆ ಬರೆದಿದ್ದರು. ಆಕೆ ಸಿರಿವಂತ ಮನೆತನದವಳು. ಏಳು ವರ್ಷದವಳಿದ್ದಾಗ ಟಿಕ್ ಶುರುವಾಯಿತು. ಆಕೆ 80 ವರ್ಷ ದಾಟಿ ಬದುಕಿದಳು. ಆದರೆ ಬಹಳ ಕಾಲ ಜನರಿಂದ ದೂರವೇ ಉಳಿದಳು. ಮನೆಯಲ್ಲಿ ಹಣವಿತ್ತು, ಆಳುಕಾಳು ಇದ್ದರು. ಆದರೂ ನಾಚಿಕೆ ಅವಳನ್ನು ಬಿಡಲಿಲ್ಲ.

ನೋಡಿ, ಇದು ಬಡವರಿಗೆ ಮಾತ್ರ ಬರುವುದಲ್ಲ. ನಮ್ಮ ಊರಿಗೆ ಮಾತ್ರ ಬಂದದ್ದೂ ಅಲ್ಲ. ಶಾಲೆಗೆ ಹೋಗುವ ಸಾವಿರ ಮಕ್ಕಳಲ್ಲಿ ಮೂರರಿಂದ ಒಂಬತ್ತು ಮಕ್ಕಳಿಗೆ ಟುರೆಟ್ ಇರುತ್ತದೆ ಎಂದು ವೈದ್ಯರ ಲೆಕ್ಕ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು.

ಸಾಮಾನ್ಯವಾಗಿ ಐದಾರು ವರ್ಷಕ್ಕೆ ಟಿಕ್ ಶುರುವಾಗುತ್ತದೆ. ಹತ್ತು ಹನ್ನೆರಡು ವರ್ಷಕ್ಕೆ ಜೋರಾಗುತ್ತದೆ. ದೊಡ್ಡವರಾದ ಮೇಲೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ಮಾತ್ರ ಉಳಿದುಬಿಡುತ್ತದೆ. ಬಸ್ಸಿನ ಆ ಹೆಣ್ಣುಮಗಳು ಅಂಥ ಕೆಲವರಲ್ಲಿ ಒಬ್ಬಳು.

ಯಾಕೆ ಬರುತ್ತದೆ?

ನಮ್ಮ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಕಾಲುವೆಗೆ ತೂಬು ಇರುತ್ತದೆ. ತೂಬು ಎತ್ತಿದರೆ ನೀರು ಗದ್ದೆಗೆ ಹರಿಯುತ್ತದೆ. ಇಳಿಸಿದರೆ ನಿಲ್ಲುತ್ತದೆ. ತೂಬು ಸಡಿಲಾದರೆ? ಬೇಡವೆಂದರೂ ನೀರು ಜಿನುಗುತ್ತದೆ.

ನಮ್ಮ ಮಿದುಳಿನಲ್ಲೂ ಇಂಥ ತೂಬು ಇದೆ ಎಂದು ತಿಳಿಯಿರಿ. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಮಿದುಳಿನ ಒಳಗಿನ ಒಂದು ಭಾಗ ನೋಡಿಕೊಳ್ಳುತ್ತದೆ. ಟಿಕ್ ಇರುವವರಲ್ಲಿ ಆ ತಡೆ ಸ್ವಲ್ಪ ಸಡಿಲು. ಬೇಡವಾದ ಚಲನೆ ಹೊರಗೆ ಬಂದುಬಿಡುತ್ತದೆ.

ಇದು ಹೆಚ್ಚಾಗಿ ಮನೆತನದಲ್ಲಿ ಹರಿದು ಬರುತ್ತದೆ. ತಂದೆಗೋ, ಸೋದರಮಾವನಿಗೋ, ಅಜ್ಜನಿಗೋ ಇದ್ದಿರಬಹುದು. ಇದು ಅಂಟು ರೋಗವಲ್ಲ. ಜೊತೆಗೆ ಕೂತು ಉಂಡರೆ ಬರುವುದಿಲ್ಲ. ತಾಯಿಯ ತಪ್ಪಿನಿಂದ ಬಂದದ್ದಲ್ಲ. ಹಿಂದಿನ ಜನ್ಮದ ಪಾಪವೂ ಅಲ್ಲ. ಟಿಕ್ ಇದ್ದವರ ಬುದ್ಧಿಗೆ ಅದರಿಂದ ಏನೂ ಕೊರತೆಯಿಲ್ಲ. ಓದಬಲ್ಲರು, ದುಡಿಯಬಲ್ಲರು, ಸಂಸಾರ ಮಾಡಬಲ್ಲರು.

2018ರಲ್ಲಿ 'ಹಿಚ್ಕಿ' ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ ರಾಣಿ ಮುಖರ್ಜಿ ಒಬ್ಬ ಶಿಕ್ಷಕಿಯ ಪಾತ್ರ ಮಾಡಿದ್ದಾರೆ. ಆ ಶಿಕ್ಷಕಿಗೆ ಟುರೆಟ್ ಇದೆ. ಅಮೆರಿಕದಲ್ಲಿ ಬ್ರಾಡ್ ಕೋಹೆನ್ ಎಂಬ ನಿಜವಾದ ಶಿಕ್ಷಕರಿದ್ದಾರೆ. ಅವರಿಗೂ ಟುರೆಟ್ ಇದೆ. ಅವರ ಜೀವನದ ಕತೆಯಿಂದ ಆ ಸಿನಿಮಾ ಹುಟ್ಟಿತು.

ಒಳಗಿನ ತುಡಿತ

ಸೀನು ಬರುವ ಮೊದಲು ಮೂಗಿನಲ್ಲಿ ಏನಾಗುತ್ತದೆ? ಕಚಗುಳಿ ಆಗುತ್ತದೆ. ಸೀನಿದ ಮೇಲೆ ಹಾಯ್ ಎನಿಸುತ್ತದೆ. ಟಿಕ್ಕೂ ಹಾಗೆಯೇ. ಟಿಕ್ ಬರುವ ಮೊದಲು ಆ ಜಾಗದಲ್ಲಿ ಒಂದು ತುಡಿತ ಬರುತ್ತದೆ. ಬಿಗಿತವೋ, ತುರಿಕೆಯೋ, ಜುಮ್ಮೆನ್ನುವುದೋ ಆಗುತ್ತದೆ. ಹೆಗಲು ಹಾರಿಸಿದ ಕೂಡಲೇ ಅದು ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ದೊಡ್ಡವರಲ್ಲಿ ಬಹಳ ಜನಕ್ಕೆ ಈ ತುಡಿತ ಗೊತ್ತಾಗುತ್ತದೆ.

ಸೀನನ್ನು ಒಂದು ಗಳಿಗೆ ತಡೆಯಬಹುದು. ಟಿಕ್ಕನ್ನೂ ಸ್ವಲ್ಪ ಹೊತ್ತು ತಡೆಯಬಹುದು. ಅದಕ್ಕೇ ಜನ ಅನ್ನುತ್ತಾರೆ, "ಗುಡ್ಯಾಗ ಸುಮ್ನ ಕುಂತಿದ್ದಿ, ಮನ್ಯಾಗ ಯಾಕ ಮಾಡ್ತಿ? ಬೇಕಂತನ ಮಾಡ್ತಿ."

ಅಲ್ಲ. ಗುಡಿಯಲ್ಲಿ ಅವಳು ಮೈ ಬಿಗಿಹಿಡಿದು ಕೂತಿದ್ದಳು. ಆ ಹೊತ್ತೆಲ್ಲ ಅವಳ ಮನಸ್ಸು ಅದನ್ನು ತಡೆಯುವುದರಲ್ಲೇ ಇತ್ತು. ಮನೆಗೆ ಬಂದಾಗ ಹಿಡಿತ ತಪ್ಪಿತು.

ಬೈದರೆ ಹೆಚ್ಚಾಗುತ್ತದೆ

ನಾಟಿ ಹಚ್ಚುವಾಗ ಹತ್ತು ಜನ ಒಂದೇ ಸಾಲಿನಲ್ಲಿ ಬಾಗಿರುತ್ತೇವೆ. "ಆಕಿನ್ನ ನೋಡ್ರಿ, ಆಕಿನ್ನ ನೋಡ್ರಿ" ಎಂದು ಯಾರೋ ನಕ್ಕರೆ ಅವಳಿಗೆ ಏನಾಗುತ್ತದೆ? ನಾಚಿಕೆ ಆಗುತ್ತದೆ. ಹೆದರಿಕೆ ಆಗುತ್ತದೆ. ಮೈ ಬಿಗಿಯುತ್ತದೆ. ಆಗ ಟಿಕ್ ಇನ್ನೂ ಹೆಚ್ಚಾಗುತ್ತದೆ. ಚಿಂತೆ, ಸಿಟ್ಟು, ನಿದ್ದೆಗೇಡು, ದಣಿವು ಕೂಡ ಟಿಕ್ಕನ್ನು ಜೋರು ಮಾಡುತ್ತವೆ. ನೋಡಿದವರು ಮತ್ತೆ ಬೈಯುತ್ತಾರೆ. ಹೀಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಇದರಿಂದ ಹೆಣ್ಣುಮಕ್ಕಳಿಗೆ ಆಗುವ ನಷ್ಟ ಸಣ್ಣದಲ್ಲ. ಸಂಬಂಧ ಮುರಿಯುತ್ತದೆ. ಕಣ್ಣು ಬಡಿದದ್ದಕ್ಕೆ ನಡತೆಯ ಮೇಲೆ ಮಾತು ಬರುತ್ತದೆ. ಹೆಣ್ಣುಮಗಳು ಜಾತ್ರೆ ಬಿಡುತ್ತಾಳೆ, ಮದುವೆ ಮನೆ ಬಿಡುತ್ತಾಳೆ, ಕೂಲಿಯನ್ನೂ ಬಿಡುತ್ತಾಳೆ.

ಕೆಲವು ಕಡೆ ದೆವ್ವ ಬಿಡಿಸುತ್ತೇವೆ ಎಂದು ಹೊಡೆಯುತ್ತಾರೆ, ಹೊಗೆ ಹಾಕುತ್ತಾರೆ, ಕಟ್ಟಿಹಾಕುತ್ತಾರೆ. ಹೊಡೆತದಿಂದ ಟಿಕ್ ಹೋಗುವುದಿಲ್ಲ. ಮನಸ್ಸಿನ ಕಾಯಿಲೆ ಇರುವವರನ್ನು ಸರಪಳಿಯಿಂದ ಕಟ್ಟಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು ಎಂದೂ ಹೇಳುತ್ತದೆ. ದೇವರಿಗೆ ಕೈ ಮುಗಿಯಿರಿ, ಅದು ನಿಮ್ಮ ನಂಬಿಕೆ. ಆದರೆ ಆಸ್ಪತ್ರೆಗೂ ಹೋಗಿರಿ.

ಚಿಕಿತ್ಸೆ ಮೂರು ಬಗೆ

ಮೊದಲನೆಯದು ಅಭ್ಯಾಸ ಬದಲಿಸುವ ಚಿಕಿತ್ಸೆ. ಇದನ್ನು 1973ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟರು. ಅಜ್ರಿನ್ ಮತ್ತು ನನ್ ಎಂದು ಅವರ ಹೆಸರು. ತುಡಿತ ಬಂದ ಕೂಡಲೇ ಟಿಕ್‌ಗೆ ಎದುರಾದ ಬೇರೆ ಕೆಲಸ ಮಾಡಬೇಕು. ಕಣ್ಣು ಬಡಿಯುವ ತುಡಿತ ಬಂದರೆ ಮೆಲ್ಲಗೆ, ತಡೆದು ತಡೆದು ರೆಪ್ಪೆ ಮುಚ್ಚಿ ತೆರೆಯಬೇಕು. ಗಂಟಲು ಕೆರೆಯುವ ತುಡಿತ ಬಂದರೆ ಮೂಗಿನಿಂದ ನಿಧಾನ ಉಸಿರಾಡಬೇಕು. ಕಲಿಸುವವರು ಸಿಕ್ಕರೆ ಮೊದಲು ಈ ಬಗೆಯ ಚಿಕಿತ್ಸೆ ಕೊಡಿ ಎಂದು ಅಮೆರಿಕದ ನರರೋಗ ವೈದ್ಯರ ಸಂಘ 2019ರಲ್ಲಿ ಹೇಳಿತು.

ಎರಡನೆಯದು ಮಾತ್ರೆ. ಟಿಕ್ ಬಹಳ ಜೋರಿದ್ದರೆ, ಕುತ್ತಿಗೆ ನೋಯುತ್ತಿದ್ದರೆ, ಕೆಲಸ ಮಾಡಲು ಆಗದಿದ್ದರೆ ವೈದ್ಯರು ಮಾತ್ರೆ ಬರೆಯುತ್ತಾರೆ. ಕೆಲವು ಮಾತ್ರೆಯಿಂದ ನಿದ್ದೆ ಬರಬಹುದು, ತೂಕ ಏರಬಹುದು, ಮೈ ಬಿಗಿಯಬಹುದು. ಹಾಗಾದರೆ ವೈದ್ಯರಿಗೆ ಹೇಳಬೇಕು. ನಾವೇ ಥಟ್ಟನೆ ನಿಲ್ಲಿಸಬಾರದು. ಬಸುರಿ, ಬಾಣಂತಿ ಆಗಿದ್ದರೆ ಮೊದಲೇ ತಿಳಿಸಬೇಕು.

ಮೂರನೆಯದು 'ಮೈಂಡ್‌ಫುಲ್‌ನೆಸ್'. ಹೆಸರು ದೊಡ್ಡದು. ನಾವು ಇದನ್ನು 'ಎಚ್ಚರದ ಗಮನ' ಎನ್ನೋಣ. ಈಗ ಏನಾಗುತ್ತಿದೆಯೋ ಅದನ್ನು ಬೈಯದೆ, ಓಡಿಸದೆ, ಸುಮ್ಮನೆ ಗಮನಿಸುವುದೇ ಎಚ್ಚರದ ಗಮನ.

ಮಸ್ಕಿಯ ಬಂಡೆ ನೆನಪಿಸುವುದು

ಎಚ್ಚರದ ಗಮನ ಎಂಬುದು ಹೊಸ ಮಾತೇ? ಅಲ್ಲ. ಮಸ್ಕಿಯಲ್ಲಿ ಅಶೋಕ ರಾಜನ ಶಾಸನವಿರುವ ಬಂಡೆ ಇದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದು ಅದನ್ನು ಕಂಡರು. ಅದರಲ್ಲಿ 'ಅಶೋಕ' ಎಂಬ ಹೆಸರೇ ಇದೆ. ಆ ಶಾಸನ ಎರಡು ಸಾವಿರ ವರ್ಷಕ್ಕೂ ಹಳೆಯದು. ತಾನು ಬುದ್ಧನ ಅನುಯಾಯಿ ಎಂದು ಅಶೋಕ ಅದರಲ್ಲಿ ಹೇಳಿಕೊಂಡಿದ್ದಾನೆ.

ಆ ಬುದ್ಧನು ಕಲಿಸಿದ ಧ್ಯಾನದಲ್ಲಿ ಬರುವ ಉಸಿರು ಹೋಗುವ ಉಸಿರನ್ನು ಗಮನಿಸುವುದು ಒಂದು. ಅದೇ ಧ್ಯಾನ ದೇಶ ದೇಶ ಸುತ್ತಿತು. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಎಂಬುವರು ಅದನ್ನು ಆಸ್ಪತ್ರೆಗೆ ತಂದರು. ನೋವು ಮತ್ತು ಚಿಂತೆಯಿಂದ ಬಳಲುವವರಿಗೆ 8 ವಾರ ಕಲಿಸಿದರು. ಅದರಲ್ಲಿ ಪೂಜೆಯಿಲ್ಲ, ಮಂತ್ರವಿಲ್ಲ. ಯಾವ ಜಾತಿಯವರೂ ಮಾಡಬಹುದು, ಯಾವ ಧರ್ಮದವರೂ ಮಾಡಬಹುದು.

ಮುಂದೆ ಟಿಕ್ ಇರುವವರಿಗೂ ಇದನ್ನು ಕಲಿಸಿ ನೋಡಿದರು. 2015ರಲ್ಲಿ ಅಮೆರಿಕದ ವೈದ್ಯರು ಅದರ ಫಲ ಪ್ರಕಟಿಸಿದರು. 18 ಜನ ಕಲಿತಿದ್ದರು. ಅವರಿಗೆ 16ರಿಂದ 67 ವರ್ಷ ವಯಸ್ಸು. 8 ವಾರ ಕಳೆದ ಮೇಲೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಟಿಕ್ ಕಡಿಮೆಯಾಗಿತ್ತು. ಒಂದು ತಿಂಗಳ ಮೇಲೆ ನೋಡಿದಾಗಲೂ ಆ ಗುಣ ಉಳಿದಿತ್ತು.

18 ಜನ ಅಂದರೆ ಸಣ್ಣ ಗುಂಪು. ಎಲ್ಲರಿಗೂ ಗುಣವಾಗುತ್ತದೆ ಎಂದು ಇದರಿಂದ ಹೇಳಲಾಗದು. ಟಿಕ್ ಪೂರ್ತಿ ಹೋಗಿಬಿಡುತ್ತದೆ ಎಂದೂ ಹೇಳಲಾಗದು. ಆದರೆ ದಾರಿ ಇದೆ ಎಂದು ಇದರಿಂದ ತಿಳಿಯಿತು.

ಇದು ಹೇಗೆ ಕೆಲಸ ಮಾಡುತ್ತದೆ?

ಒಲೆಯ ಮೇಲೆ ಅನ್ನ ಉಕ್ಕುತ್ತದೆ. ಮುಚ್ಚಳ ಒತ್ತಿ ಹಿಡಿದರೆ ಏನಾಗುತ್ತದೆ? ಇನ್ನೂ ಜೋರಾಗಿ ಉಕ್ಕಿ ಚೆಲ್ಲುತ್ತದೆ. ಮುಚ್ಚಳ ಸರಿಸಿ ಉರಿ ತಗ್ಗಿಸಿದರೆ ಉಕ್ಕು ಇಳಿಯುತ್ತದೆ.

ಟಿಕ್ಕನ್ನು ಬಿಗಿಹಿಡಿಯುವುದು ಮುಚ್ಚಳ ಒತ್ತಿದ ಹಾಗೆ. ಎಚ್ಚರದ ಗಮನ ಮುಚ್ಚಳ ಸರಿಸಿದ ಹಾಗೆ. ತುಡಿತ ಬಂತು ಎಂದು ಹೆದರಬಾರದು. ಅದು ಏರುವುದನ್ನು ನೋಡಬೇಕು. ಸ್ವಲ್ಪ ಹೊತ್ತಿಗೆ ಅದು ತಾನೇ ಇಳಿಯುವುದನ್ನೂ ನೋಡಬೇಕು. 'ಟಿಕ್ ಮಾಡದಿದ್ದರೂ ತುಡಿತ ಇಳಿಯಬಹುದು' ಎಂದು ಒಮ್ಮೆ ಅನುಭವಕ್ಕೆ ಬಂದರೆ ಭಯ ಕಡಿಮೆಯಾಗುತ್ತದೆ. ಭಯ ಕಡಿಮೆಯಾದರೆ ಮೈ ಸಡಿಲಾಗುತ್ತದೆ. ಮೈ ಸಡಿಲಾದರೆ ಟಿಕ್ಕೂ ಕಡಿಮೆಯಾಗಬಹುದು.

ಮಾಡುವ ಬಗೆ

ಗೊತ್ತಿದ್ದವರ ಹತ್ತಿರ ಕಲಿಯುವುದು ಒಳ್ಳೆಯದು. ಮೊದಲ ಹೆಜ್ಜೆಗಳನ್ನು ಮನೆಯಲ್ಲೇ ಹಾಕಬಹುದು. ದಿನಕ್ಕೆ ಹತ್ತು ನಿಮಿಷ ಸಾಕು.

1. ಚಾಪೆ ಹಾಸಿ ಕೂರಿ. ಗೋಡೆಗೆ ಒರಗಿದರೂ ಸರಿ. ಕಾಲು ನೋಯುತ್ತಿದ್ದರೆ ಮಲಗಿದರೂ ಸರಿ.

2. ಕಣ್ಣು ಮುಚ್ಚಿ. ಮುಚ್ಚಲು ಇಷ್ಟವಿಲ್ಲದಿದ್ದರೆ ನೆಲ ನೋಡಿ.

3. ಉಸಿರು ಒಳಗೆ ಹೋಗುವುದನ್ನು ಗಮನಿಸಿ. ಹೊರಗೆ ಬರುವುದನ್ನು ಗಮನಿಸಿ. ಉಸಿರನ್ನು ಎಳೆಯಬೇಡಿ, ಕಟ್ಟಬೇಡಿ.

4. ಮನಸ್ಸು ಓಡುತ್ತದೆ. ಸಾಲ, ಮಕ್ಕಳು, ನಾಳೆಯ ಕೂಲಿ ನೆನಪಾಗುತ್ತವೆ. ಓಡಲಿ. ಬೈಯಬೇಡಿ. ಮೆಲ್ಲಗೆ ಉಸಿರಿಗೆ ಕರೆತನ್ನಿ. ನೂರು ಸಲ ಓಡಿದರೆ ನೂರು ಸಲ ಕರೆತನ್ನಿ.

5. ಪಾದದಿಂದ ತಲೆಯವರೆಗೆ ಮೈಯನ್ನು ಗಮನಿಸುತ್ತ ಬನ್ನಿ. ಎಲ್ಲಿ ಬಿಗಿ ಇದೆ? ಎಲ್ಲಿ ಸಡಿಲ ಇದೆ?

6. ತುಡಿತ ಬಂದರೆ ಅದನ್ನೇ ಗಮನಿಸಿ. ಎಲ್ಲಿದೆ? ಹೆಗಲಲ್ಲೋ, ಕುತ್ತಿಗೆಯಲ್ಲೋ? ಬಿಸಿಯೋ, ತುರಿಕೆಯೋ? ಏರುತ್ತಿದೆಯೋ, ಇಳಿಯುತ್ತಿದೆಯೋ? ಕಾಲುವೆ ದಂಡೆಯ ಮೇಲೆ ಕೂತು ನೀರು ನೋಡುವ ಹಾಗೆ ನೋಡಿ. ನೀರಿಗೆ ಇಳಿಯಬೇಡಿ.

7. ಆದರೂ ಟಿಕ್ ಬಂದುಬಿಟ್ಟರೆ? ಬರಲಿ. 'ನಾನು ಸೋತೆ' ಎನ್ನಬೇಡಿ. ಮತ್ತೆ ಉಸಿರಿಗೆ ಬನ್ನಿ.

ಕೆಲಸ ಮಾಡುವಾಗಲೂ ಇದನ್ನು ಮಾಡಬಹುದು. ರೊಟ್ಟಿ ಬಡಿಯುವಾಗ ಅಂಗೈಗೆ ತಾಗುವ ಹಿಟ್ಟನ್ನು ಗಮನಿಸಿ. ಹತ್ತಿ ಬಿಡಿಸುವಾಗ ಬೆರಳುಗಳನ್ನು ಗಮನಿಸಿ. ಒಂದೆರಡು ದಿನಕ್ಕೆ ಫಲ ಕಾಣದು. ಅಕ್ಷರವನ್ನೂ ನಾವು ಒಂದೇ ದಿನದಲ್ಲಿ ಕಲಿಯಲಿಲ್ಲ ಅಲ್ಲವೇ?

ಎಚ್ಚರ, ಎಚ್ಚರ

ಮೈ ಜಗ್ಗಿದ್ದೆಲ್ಲ ಟಿಕ್ ಅಲ್ಲ. ಪ್ರಜ್ಞೆ ತಪ್ಪಿ ಬಿದ್ದು ಕೈಕಾಲು ಸೆಳೆದರೆ ಅದು ಮೂರ್ಛೆ ರೋಗ ಇರಬಹುದು. ಚಿಕ್ಕಂದಿನಲ್ಲಿ ಏನೂ ಇರದೆ ದೊಡ್ಡವರಾದ ಮೇಲೆ ಥಟ್ಟನೆ ಶುರುವಾದರೆ ಬೇರೆ ಕಾಯಿಲೆ ಇರಬಹುದು. ತೆಗೆದುಕೊಳ್ಳುವ ಮಾತ್ರೆಯಿಂದಲೂ ಆಗಿರಬಹುದು. ಬೇಗ ವೈದ್ಯರಿಗೆ ತೋರಿಸಿ.

ಕೈ ಜಗ್ಗುವ ಟಿಕ್ ಇದ್ದರೆ ಒಲೆ, ಕುಡುಗೋಲು, ಹೊಲಿಗೆ ಯಂತ್ರದ ಮುಂದೆ ಜಾಗ್ರತೆ.

ಟಿಕ್ ಇರುವ ಹಲವರಿಗೆ ಚಿಂತೆ, ಬೇಸರ, ಮಾಡಿದ್ದನ್ನೇ ಮಾಡುವ ಗೀಳು ಜೊತೆಗಿರುತ್ತವೆ. ಧ್ಯಾನಕ್ಕೆ ಕೂತಾಗ ಹಳೆಯ ದುಃಖ ಉಕ್ಕಿ ಬಂದರೆ ನಿಲ್ಲಿಸಿ. ವೈದ್ಯರ ಹತ್ತಿರ ಮಾತಾಡಿ. ಬದುಕೇ ಬೇಡ ಎನಿಸಿದರೆ ಒಬ್ಬರೇ ಇರಬೇಡಿ. ಕೂಡಲೇ ಯಾರಿಗಾದರೂ ಹೇಳಿ.

ಎಲ್ಲಿಗೆ ಹೋಗಬೇಕು?

ಒಂದು ಕಾಲದಲ್ಲಿ ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕಿತ್ತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಕೆಲಸ ಮಾಡಿದರು. ಹಳ್ಳಿಯ ಆಸ್ಪತ್ರೆಗಳಲ್ಲೇ ಈ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. ಅದನ್ನು ನೋಡಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮಸ್ಕಿಯಲ್ಲೂ ಸರ್ಕಾರಿ ಆಸ್ಪತ್ರೆ ಇದೆ. "ಮನೋವೈದ್ಯರು ಯಾವ ದಿನ ಸಿಗ್ತಾರ?" ಎಂದು ಅಲ್ಲಿ ವಿಚಾರಿಸಿ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ಫೋನಿನಲ್ಲೂ ಕೇಳಬಹುದು. 'ಟೆಲಿ ಮಾನಸ್' ಎಂಬ ಸೇವೆ 2022ರಲ್ಲಿ ಶುರುವಾಯಿತು. ಅದರ ನಂಬರು 14416. ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನಿಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿ.

ವೈದ್ಯರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಟಿಕ್ ಯಾವ ವಯಸ್ಸಿಗೆ ಶುರುವಾಯಿತು? ಯಾವಾಗ ಹೆಚ್ಚು, ಯಾವಾಗ ಕಡಿಮೆ? ಯಾವ ಮಾತ್ರೆ ತೆಗೆದುಕೊಂಡಿರಿ? ಈಗ ನಮಗೆ ಬರೆಯಲು ಬರುತ್ತದೆ. ಅದು ಇಂಥ ಕೆಲಸಕ್ಕೂ ಬೇಕು.

ನಮ್ಮ ಕೈಯಲ್ಲಿರುವುದು

ಧ್ಯಾನ ಮಾಡಬೇಕಾದವಳು ಅವಳು. ಆದರೆ ಅರ್ಧ ಚಿಕಿತ್ಸೆ ನಮ್ಮ ಬಾಯಲ್ಲಿದೆ. ಟಿಕ್ ಬಂದಾಗ ಎವೆಯಿಕ್ಕದೆ ನೋಡಬಾರದು. ಅಣಕಿಸಬಾರದು. "ನಿಲ್ಸು, ನಿಲ್ಸು" ಎನ್ನಬಾರದು. ಮಾತು ನಡೆದಿದ್ದರೆ ಹಾಗೆಯೇ ಮುಂದುವರಿಸಬೇಕು. ಯಾರಾದರೂ ನಕ್ಕರೆ "ಅದು ಮಿದುಳಿನ ತೊಂದರಿ ಐತ್ರಿ, ಆಕಿ ತಪ್ಪಲ್ಲ" ಎಂದು ಹೇಳಬೇಕು. ಅವಳಿಗೆ ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂರಲು ಬಿಡಬೇಕು. ಆ ಹತ್ತು ನಿಮಿಷ ಅತ್ತೆಯೋ, ಗಂಡನೋ, ನೆಗೆಣ್ಣಿಯೋ ಮಗುವನ್ನು ಎತ್ತಿಕೊಂಡರೆ ಸಾಕು.

ನೆನಪಿಡೋಣ

ಟಿಕ್ ಮಿದುಳಿಗೆ ಸಂಬಂಧಿಸಿದ ತೊಂದರೆ.
ಅದು ದೆವ್ವವಲ್ಲ, ಹಟವಲ್ಲ, ಕೆಟ್ಟ ನಡತೆಯಲ್ಲ.
ಬೈದರೆ ಹೆಚ್ಚುತ್ತದೆ.
ತುಡಿತವನ್ನು ಗಮನಿಸಲು ಕಲಿತರೆ ಕಡಿಮೆಯಾಗಬಹುದು.
ಸಹಾಯಕ್ಕೆ 14416.

ಕೂಡಿ ಮಾತಾಡೋಣ

1. ನಮ್ಮ ಓಣಿಯಲ್ಲಿ ಟಿಕ್ ಇರುವವರಿಗೆ ಜನ ಏನೆಂದು ಕರೆಯುತ್ತಾರೆ? ಆ ಮಾತು ಸರಿಯೇ?
2. ನಾಟಿ ಸಾಲಿನಲ್ಲಿ ಯಾರಾದರೂ ಅಣಕಿಸಿದರೆ ನಾವು ಏನು ಹೇಳಬೇಕು?
3. ಇಂದು ಎಲ್ಲರೂ ಐದು ನಿಮಿಷ ಸುಮ್ಮನೆ ಕೂತು ಉಸಿರನ್ನು ಗಮನಿಸೋಣ. ಏನು ಅನಿಸಿತು ಎಂದು ಎರಡು ಸಾಲು ಬರೆಯೋಣ.